ಎದುರು ಮನೆಯ ರಿಪೇರಿ

ಕಂಪ್ಯೂಟರು ಯಾಕೆ ಶುರುವಾಗುತ್ತಿಲ್ಲ ಎಂಬುದು ಇಲ್ಪೊಗೆ ಮೊದಲ ನಿಮಿಷದಲ್ಲೇ ತಿಳಿಯಿತು. ಹಿಂಬದಿಯಲ್ಲಿ, ಕರೆಂಟಿನ ವೈರು ಸಿಕ್ಕಿಸುವ ಜಾಗದ ಪಕ್ಕ, ಉಗುರಿನಗಲದ ಒಂದು ಸ್ವಿಚ್ಚಿತ್ತು. ಅದು ಆಫ್ ಆಗಿತ್ತು. ಒತ್ತಿದ್ದರೆ ಕೆಲಸ ಮುಗಿಯುತ್ತಿತ್ತು.

ಅವನು ಒತ್ತಲಿಲ್ಲ.

"ಏನಾಗಿದೆ?" ಎದುರು ಮನೆಯ ವಿರ್ವೆ ಕೇಳಿದಳು.

"ಸ್ವಲ್ಪ ಕಷ್ಟದ ಕೇಸು," ಎಂದ ಇಲ್ಪೊ, ಡಾಕ್ಟರರಂತೆ ಮುಖ ಗಂಭೀರ ಮಾಡಿಕೊಂಡು. "ಎಲ್ಲಾ ಬಿಚ್ಚಿ ನೋಡ್ಬೇಕು. ಇವತ್ತೇ ಆಗೋ ಕೆಲಸ ಅಲ್ಲ."

"ಅಯ್ಯೋ! ಹಾಗಾದ್ರೆ ಕಾಫಿ ಕುಡ್ಕೊಂಡೇ ಹೋಗಿ."

ಅವನನ್ನು ಬೈಯುವ ಮುಂಚೆ ಫಿನ್ಲೆಂಡಿನ ನಮ್ಮ ಟಾಂಪೆರೆ ಊರಿನ ಮರ್ಯಾದೆ ಏನೆಂದು ತಿಳಿದಿರಲಿ. ನೀವು ಹೊರಗೆ ಹೊರಟಿದ್ದೀರಿ, ಅಷ್ಟರಲ್ಲಿ ಎದುರು ಮನೆಯ ಬಾಗಿಲು ಕಿರ್ರೆಂದಿತು ಅನ್ನಿ. ಆಗ ನಿಮ್ಮ ಬಾಗಿಲ ಹಿಂದೆಯೇ ಉಸಿರು ಬಿಗಿಹಿಡಿದು ನಿಲ್ಲಬೇಕು. ಬಾಗಿಲ ಕಿಂಡಿಗೆ ಕಣ್ಣಿಟ್ಟು, ಅವರು ಮೆಟ್ಟಿಲಿಳಿದು ಹೋದದ್ದು ಖಾತ್ರಿಯಾದ ಮೇಲಷ್ಟೇ ಹೊರಗೆ ಕಾಲಿಡಬೇಕು. ಟ್ರಾಮ್ ಓಡಿಸುವ ವಿರ್ವೆಯನ್ನು ಇಲ್ಪೊ ವರ್ಷಗಟ್ಟಲೆ ಆ ಕಿಂಡಿಯಿಂದಲೇ ನೋಡಿದ್ದ, ಮನಸ್ಸನ್ನೂ ಕೊಟ್ಟಿದ್ದ. ಒಮ್ಮೆ ಲಿಫ್ಟಿನಲ್ಲಿ ಇಬ್ಬರೂ ಸಿಕ್ಕಿಹಾಕಿಕೊಂಡಾಗ ಅವಳು "ಚಳಿ" ಎಂದಿದ್ದಳು, ಇವನು "ಹೌದು" ಎಂದಿದ್ದ. ಅವರ ಮಾತುಕತೆಯೆಲ್ಲ ಅಷ್ಟೇ. ಕಾರಣವಿಲ್ಲದೆ ನೆರೆಮನೆಯ ಬಾಗಿಲು ತಟ್ಟುವವನ ಮನೆಗೆ ಒಂದೋ ಬೆಂಕಿ ಬಿದ್ದಿರಬೇಕು, ಇಲ್ಲವೇ ಅವನ ತಲೆ ಕೆಟ್ಟಿರಬೇಕು.

ಅಂಥದ್ದರಲ್ಲಿ ಈ ಸೋಮವಾರ ಅವಳೇ ಬಂದು ಬೆಲ್ ಒತ್ತಿದ್ದಳು. "ನೀವು ಶಾಲೇಲಿ ಕಂಪ್ಯೂಟರ್ ಪಾಠ ಮಾಡ್ತೀರಂತಲ್ಲ? ಬಿಡಿಭಾಗ ತಂದು ನಾನೇ ಒಂದು ಜೋಡಿಸಿದೆ. ಜಪ್ಪಯ್ಯ ಅಂದ್ರೂ ಸ್ಟಾರ್ಟ್ ಆಗ್ತಿಲ್ಲ."

ಇಂಥ ಭಾಗ್ಯವನ್ನು ಒಂದೇ ನಿಮಿಷದಲ್ಲಿ ಯಾರಾದರೂ ಮುಗಿಸಿಕೊಳ್ಳುತ್ತಾರೆಯೇ?

ಮಂಗಳವಾರ ಅವನು ಫ್ಯಾನು ಬಿಚ್ಚಿ, ಒರೆಸಿ, ಮತ್ತೆ ಅಲ್ಲೇ ಕೂರಿಸಿದ. ಬುಧವಾರ ಟಾರ್ಚು ಬಿಟ್ಟು ನೋಡಿ "ಹೂಂ" ಎಂದ. ಗುರುವಾರ ಅದನ್ನೇ ಇನ್ನೊಂದು ಕಡೆಯಿಂದ ಮಾಡಿದ. ಪ್ರತಿ ಸಲವೂ ಏಲಕ್ಕಿ ಬನ್ನು ಬಿಸಿಬಿಸಿಯಾಗಿ ತಟ್ಟೆಗೆ ಬರುತ್ತಿತ್ತು. ವಿರ್ವೆ ಪಕ್ಕದಲ್ಲಿ ಕೂತು ಟಾರ್ಚು ಹಿಡಿಯುತ್ತಿದ್ದಳು. "ನಿಧಾನಕ್ಕೆ ಮಾಡಿ, ಅವಸರ ಏನಿಲ್ಲ," ಎನ್ನುತ್ತಿದ್ದಳು. ಒಳಗೆ ಒಂದೊಂದು ವೈರೂ ಜಡೆ ಹೆಣೆದಂತೆ ಕಟ್ಟಿತ್ತು, ಒಂದು ತಿರುಪೂ ಸಡಿಲವಿರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದವಳಿಗೆ ಆ ಒಂದು ಸ್ವಿಚ್ಚು ಕಾಣಲಿಲ್ಲವಲ್ಲ ಎಂದು ಇಲ್ಪೊಗೆ ಮರುಕ ಹುಟ್ಟಿತು.

ದಿನಾ ಸಂಜೆ ಅವನು ತನ್ನ ಮನೆ ಸೇರಿದ ಸ್ವಲ್ಪ ಹೊತ್ತಿಗೆ ವಿರ್ವೆಯ ಮನೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ಪಾಪ, ಕಂಪ್ಯೂಟರಿಲ್ಲದೆ ಟೀವಿಯಲ್ಲಿ ಕೃಷಿ ಕಾರ್ಯಕ್ರಮ ನೋಡುತ್ತ ಕೂತಿದ್ದಾಳೆ ಎಂದುಕೊಂಡ. ಮನಸ್ಸು ಚುಚ್ಚಿತು. ಆದರೂ ಮರುದಿನ ಹೋದ.

ಶುಕ್ರವಾರ ಅವನು ಎರಡು ಸಣ್ಣ ಮೆಮೊರಿ ಪಟ್ಟಿಗಳನ್ನು ಹೊರತೆಗೆದು, ಊದಿ, ಮತ್ತೆ ಸಿಕ್ಕಿಸಿದ. ವಿರ್ವೆಯ ಮುಖ ಅಂದು ಬಾಡಿತ್ತು.

"ನಾಳೆ ನನ್ನ ತಮ್ಮ ಓಸ್ಮೊ ಬರ್ತಾನೆ. ಕಂಪ್ಯೂಟರ್ ರಿಪೇರಿ ಅಂದ್ರೆ ಅವನಿಗೆ ನೀರು ಕುಡಿದಷ್ಟು ಸುಲಭ."

ಇಲ್ಪೊ ಕಚ್ಚಿದ ಬನ್ನನ್ನು ತಟ್ಟೆಗೆ ವಾಪಸ್ಸಿಟ್ಟ. "ಒಳ್ಳೇದಾಯ್ತಲ್ಲ."

"ಹೂಂ. ಒಳ್ಳೇದೇ."

ಇಬ್ಬರಲ್ಲಿ ಒಬ್ಬರ ಮುಖದಲ್ಲೂ ಒಳ್ಳೆಯದಾದ ಲಕ್ಷಣವಿರಲಿಲ್ಲ.

ಓಸ್ಮೊ ಬಂದು ನೋಡಿದರೆ ಗುಟ್ಟು ರಟ್ಟಾಗುವುದು ಖಂಡಿತ. ಆಮೇಲೆ ಉಳಿದ ಆಯುಷ್ಯವೆಲ್ಲ ಕಿಂಡಿಯೇ ಗತಿ. ಅದಕ್ಕಿಂತ ಮೊದಲೇ ಸ್ವಿಚ್ಚು ಒತ್ತಿ, ರಿಪೇರಿಯಾಯಿತೆಂದು ಹೇಳಿ, ಮಾನವನ್ನಾದರೂ ಉಳಿಸಿಕೊಳ್ಳೋಣ ಎಂದು ಶನಿವಾರ ಬೆಳಿಗ್ಗೆಯೇ ಹೋದ. ವಿರ್ವೆ ಉದ್ದನೆಯ ಉಣ್ಣೆ ಕೋಟು ತೊಟ್ಟಿದ್ದಳು. ಒಂದು ಕೈ ಅದರ ಜೇಬಿನಲ್ಲಿತ್ತು. ಕಾಫಿಯನ್ನೂ ಇನ್ನೊಂದು ಕೈಯಲ್ಲೇ ಬಗ್ಗಿಸಿದಳು. ಅವಳು ಅತ್ತ ತಿರುಗಿದಾಗ ಇಲ್ಪೊ ಹಿಂದಿನ ಸ್ವಿಚ್ಚನ್ನು ಸದ್ದಿಲ್ಲದೆ ಒತ್ತಿದ.

"ಸಿಕ್ತು ಅನ್ಸುತ್ತೆ!" ಎಂದು ಮುಂದಿನ ಗುಂಡಿಯನ್ನು ಠೀವಿಯಿಂದ ಅದುಮಿದ.

ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು.

ಮತ್ತೆ ಅದುಮಿದ. ವೈರು ಬದಲಿಸಿದ. ಬೆವರು ಕಿತ್ತುಕೊಂಡು ಬಂತು. ಇಷ್ಟು ದಿನ ಆಡಿದ ನಾಟಕ ಈಗ ನಿಜವಾಗಿ ತಲೆಯ ಮೇಲೆ ಕೂತಿತ್ತು.

"ಆಗ್ಲಿಲ್ವಾ? ಛೇ," ಎಂದಳು ವಿರ್ವೆ. ಆ ಛೇಯಲ್ಲಿ ದುಃಖ ಅಷ್ಟಾಗಿ ಇರಲಿಲ್ಲ.

ಅವನು ತಿರುಪುಳಿಗೆ ಕೈ ಹಾಕುವಷ್ಟರಲ್ಲಿ ಬೆಲ್ ಆಯಿತು. ಬಾಗಿಲೆತ್ತರದ ಓಸ್ಮೊ ಒಳಗೆ ಬಂದ. "ಸ್ಟಾರ್ಟ್ ಆಗ್ತಿಲ್ವಾ? ತನ್ನಿ ಇಲ್ಲಿ," ಎಂದು ಬಾಯಿಗೊಂದು ಬನ್ನು ತುರುಕಿ, ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದು ಬಗ್ಗಿ ನೋಡಿದ.

"ಮೆಮೊರಿ ಪಟ್ಟಿ ಎರಡೂ ಇಲ್ವಲ್ಲ! ಅವಿಲ್ದೆ ಹೇಗೆ ಸ್ಟಾರ್ಟ್ ಆಗುತ್ತೆ? ಯಾರು ತೆಗೆದಿದ್ದು?"

ಇಲ್ಪೊ ಬಿಳಿಚಿಕೊಂಡ. ನಿನ್ನೆ ಅವನ್ನು ಮುಟ್ಟಿದವನು ಅವನೇ. ವಾಪಸ್ಸು ಹಾಕಿದ್ದೆನೋ, ಅವಳ ಮುಖ ನೋಡುತ್ತ ಮರೆತೆನೋ? ಮೇಜಿನ ಕೆಳಗೆ ಅಂಬೆಗಾಲಿಕ್ಕಿ ತಡಕಾಡಿದ. ತನ್ನ ಕಾಲುಚೀಲದೊಳಗೂ ನೋಡಿದ. ಎಲ್ಲೂ ಇರಲಿಲ್ಲ. ಅವನಿಂದ ಇನ್ನು ತಡೆಯಲಾಗಲಿಲ್ಲ.

"ಕ್ಷಮಿಸಿ ವಿರ್ವೆ, ಎಲ್ಲಾ ನಂದೇ ತಪ್ಪು," ಎಂದ, ನೆಲದ ಮೇಲೆ ಮಂಡಿಯೂರಿಯೇ. "ಹಿಂದಿನ ಸ್ವಿಚ್ಚು ಆಫ್ ಆಗಿತ್ತು, ಅಷ್ಟೇ. ಸೋಮವಾರವೇ ಗೊತ್ತಾಗಿತ್ತು ನಂಗೆ. ಅದನ್ನ ಒತ್ತಿಬಿಟ್ರೆ ನಿಮ್ಮನೇಗೆ ಬರೋಕೆ ಕಾರಣಾನೇ ಇರಲ್ಲ ಅಂತ ಸುಮ್ಮನಾದೆ. ನನ್ನಿಂದಾಗಿ ಒಂದು ವಾರದಿಂದ ಈ ಕಂಪ್ಯೂಟರ್ ಸ್ಟಾರ್ಟೇ ಆಗಿಲ್ಲ."

ವಿರ್ವೆಯ ಕಿವಿಯವರೆಗೂ ಕೆಂಪೇರಿತು. ಜೇಬಿನಲ್ಲಿದ್ದ ಕೈ ಮಾತ್ರ ಹೊರಗೆ ಬರಲಿಲ್ಲ.

ಓಸ್ಮೊ ಬನ್ನು ಅಗಿಯುವುದನ್ನು ನಿಲ್ಲಿಸಿ ಇಬ್ಬರನ್ನೂ ಒಮ್ಮೆ ನೋಡಿದ: "ಒಂದು ವಾರದಿಂದ ಸ್ಟಾರ್ಟೇ ಆಗಿಲ್ವಾ? ಹಾಗಾದ್ರೆ ಅಕ್ಕಾ, ದಿನಾ ಸಂಜೆ ಇಂಟರ್ನೆಟ್ಟಲ್ಲಿ ನನ್ನ ಜೊತೆ ಟ್ರ್ಯಾಕ್ಟರ್ ಆಟ ಆಡ್ತಾ, ನಿನ್ನೆ ಎರಡು ಹೆಕ್ಟೇರ್ ಆಲೂಗಡ್ಡೆ ಅಗೆದ್ಯಲ್ಲ, ಅದು ಯಾವ ಕಂಪ್ಯೂಟರಲ್ಲಿ?"