ನಲವತ್ತು ನುಡಿಗಟ್ಟು, ಒಂದು ಮೀಸೆ

"ಈ ಮುದ್ದಯ್ಯನ ಮಗಳ ಬಾಯಲ್ಲಿ ನಲವತ್ತು ನುಡಿಗಟ್ಟೂ ನೆಟ್ಟಗೆ ಬಂದ ದಿನ ನನ್ನ ಮೀಸೆ ಬೋಳಿಸ್ಕೊತೀನಿ ಕಣ್ರಲಾ!"

ಇಪ್ಪತ್ತೆಂಟು ವರ್ಷಗಳ ಹಿಂದೆ, ಎಂಟನೇ ಕ್ಲಾಸಿನ ಮಕ್ಕಳೆದುರು ಇಂಗ್ಲಿಷ್ ಮೇಷ್ಟ್ರು ಚೆಲುವರಾಜು ಕೊಟ್ಟ ಮಾತು ಅದು. ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುವ ಮುದ್ದಯ್ಯನ ಮಗಳು ಸುಕನ್ಯ ಮಾತ್ರ ಬೆಂಚಿನ ಮೇಲೆ ತಲೆ ತಗ್ಗಿಸಿ ನಿಂತಿದ್ದಳು.

ಅದೇ ಸುಕನ್ಯ ಈಗ ಮೇಷ್ಟ್ರ ಮನೆಯ ಗೇಟು ತೆಗೆಯುತ್ತಿದ್ದಳು.

ವಾರಕ್ಕೆ ಮೂರು ಸಂಜೆ ಹುಣಸೂರಿನಿಂದ ಬಸ್ಸು ಹತ್ತಿ ಗುರುಪುರಕ್ಕೆ ಬರುತ್ತಾಳೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರುತ್ತಾಳಂತೆ. ಯಾಕೆಂದು ಮೇಷ್ಟ್ರಿಗೆ ಗೊತ್ತು. ಮೀಸೆಗಾಗಿ. ನಿವೃತ್ತಿಯಾಗಿ ಹತ್ತು ವರ್ಷವಾಗಿ, ತಲೆ ಬೋಳಾಗಿದ್ದರೂ ತುದಿ ತಿರುವಿದ ಆ ಬಿಳಿ ಮೀಸೆ ಹಾಗೇ ಇದೆ. ಬರಲಿ. ಅದು ಅವಳ ಯೋಗ್ಯತೆಗೆ ಸಿಗುವಂಥದ್ದಲ್ಲ.

"ಶುರು ಮಾಡಣ ಸಾ," ಎಂದು ಅವಳು ತನ್ನ ಹಳೆಯ ನೋಟ್‌ಬುಕ್ಕು ತೆರೆದಳು. ಪುಟದ ತುಂಬ ಮೇಷ್ಟ್ರದೇ ಕೆಂಪು ಶಾಯಿಯ ಸೊನ್ನೆಗಳು. ಇನ್ನೂ ಇಟ್ಟುಕೊಂಡಿದ್ದಾಳೆ, ನಾಚಿಕೆಯಿಲ್ಲದವಳು. "ಗಿವ್ ಅಪ್. ಕೈಬಿಡು."

ಮೇಷ್ಟ್ರು ಅದನ್ನು ತಿದ್ದಿ, ಹೇಗೆ ಹೇಳಬೇಕೆಂದು ತೋರಿಸಿದರು.

"ಇನ್ನೊಂದ್ಸಲ ಸಾ."

ತೋರಿಸಿದರು.

"ಇನ್ನೊಂದ್ಸಲ."

ಒಂದೇ ಮಾತನ್ನು ಇಪ್ಪತ್ತು ಸಲ ಹೇಳಿಸಿಕೊಂಡರೂ ತಲೆಗೆ ಹತ್ತದ ಜನ್ಮ. ಜೊತೆಗೆ ಅಂಗನವಾಡಿ ಮಕ್ಕಳ ಹಾಗೆ ಚಿತ್ರದ ಚೀಟಿಗಳನ್ನು ಬೇರೆ ಹೊತ್ತು ತರುತ್ತಾಳೆ. ಲೋಟ, ಬಾಚಣಿಗೆ, ಬೀಗದ ಕೈ. ನುಡಿಗಟ್ಟಿಗೂ ಬಾಚಣಿಗೆಗೂ ಏನು ಸಂಬಂಧ? ಒಂದು ಪುಟ್ಟ ಕನ್ನಡಿಯೂ ಉಂಟು. ಮಾತಿನ ನಡುವೆ ಅದನ್ನು ಮೇಷ್ಟ್ರ ಮುಖದ ಮುಂದೆ ಹಿಡಿಯುತ್ತಾಳೆ. ಮೀಸೆ ನೆನಪಿದೆಯಾ ಎಂದು ಕೆಣಕುವ ರೀತಿ ಅದು. ಅವರೂ ಬಿಡದೆ ಕನ್ನಡಿ ನೋಡಿಕೊಂಡೇ ಮೀಸೆ ತಿರುವುತ್ತಾರೆ.

"ಬಾಯಿ ತಿರುಗೋ ಗಂಟ ನಾನು ಬುಡಕಿಲ್ಲ ಸಾ," ಎಂದಳು ಸುಕನ್ಯ.

ತಿರುಗಿದ ಹಾಗೇ ಇದೆ, ಎಂದುಕೊಂಡರು ಮೇಷ್ಟ್ರು.

ಅವಳೊಬ್ಬಳನ್ನೇ ಅಂದು ಪ್ರಯೋಜನವಿಲ್ಲ. ಈಚೆಗೆ ಊರಿಗೆ ಊರೇ ದಡ್ಡರ ಸಂತೆಯಾಗಿತ್ತು. ಅಂಗಡಿಯ ಕಂಠಪ್ಪನನ್ನು ನಶ್ಯ ಕೇಳಿದರೆ ಸೋಪು ಕೊಡುತ್ತಾನೆ. ಬಸ್‌ಸ್ಟ್ಯಾಂಡಿನಲ್ಲಿ ಇವರ ಜೊತೆ ಗಂಟೆಗಟ್ಟಲೆ ಇಂಗ್ಲಿಷಿನಲ್ಲಿ ಹರಟುತ್ತಿದ್ದ ಟಿಬೆಟನ್ ಕ್ಯಾಂಪಿನ ಲಾಮಾಗಳೂ ಎರಡು ಮಾತಿಗೆ ಕೈಮುಗಿದು ಜಾಗ ಖಾಲಿ ಮಾಡುತ್ತಾರೆ. ಅವರ ಇಂಗ್ಲಿಷೂ ಮಣ್ಣು ಮುಕ್ಕಿತು. ಹೆಂಡತಿ ಸುನಂದಮ್ಮನಂತೂ ವಾದ ಮಾಡುವುದನ್ನೇ ಬಿಟ್ಟು, ಏನೆಂದರೂ ತಲೆಯಾಡಿಸುತ್ತಾಳೆ. ನಲವತ್ತು ವರ್ಷಕ್ಕೆ ಬುದ್ಧಿ ಬಂತು.

ಅಷ್ಟರಲ್ಲಿ ಸುನಂದಮ್ಮ ಕಾಫಿ ತಂದಳು. "ಹೆಂಗದೆ ಸುಕನ್ಯ?"

"ಹೋದ ವಾರಕ್ಕಿಂತ ವಾಸಿ ಅಮ್ಮಾ."

ತನಗೆ ತಾನೇ ಮಾರ್ಕ್ಸ್ ಹಾಕಿಕೊಳ್ಳುತ್ತಿದ್ದಾಳೆ! ಮೇಷ್ಟ್ರು ಮೂಗು ಮುರಿದರು.

ಅದನ್ನು ಕಂಡವಳ ಹಾಗೆ ಸುಕನ್ಯ ನೋಟ್‌ಬುಕ್ಕು ಮುಚ್ಚಿ ಫೋನು ಹೊರತೆಗೆದಳು. ಒಂದು ಹಾಳೆ, ಕೆಂಪು ಪೆನ್ನು ಮುಂದಿಟ್ಟಳು.

"ಇವತ್ತು ಪರೀಕ್ಷೆ ಸಾ. ನೀವೇನೂ ಮಾತಾಡದು ಬ್ಯಾಡ. ಇದರಲ್ಲಿ ಒಂದು ಹೆಂಗ್ಸು, ಒಂದು ಗಂಡ್ಸು ನಲವತ್ತು ನುಡಿಗಟ್ಟೂ ಹೇಳ್ತಾರೆ. ಕೇಳಿ ಇಬ್ರಿಗೂ ಮಾರ್ಕ್ಸ್ ಹಾಕಿ. ನೀವು ಹಾಕಿದ್ದೇ ಫೈನಲ್ಲು. ನಾನು ಎದುರು ಮಾತಾಡಕಿಲ್ಲ."

ಕೆಂಪು ಪೆನ್ನು ಕಂಡೊಡನೆ ಮೇಷ್ಟ್ರ ಬೆನ್ನು ನೆಟ್ಟಗಾಯಿತು.

ಫೋನಿನ ಹೆಂಗಸು ಸೊಗಸಾಗಿ ಹೇಳುತ್ತಿದ್ದಳು. ಗಿವ್ ಇನ್. ಲುಕ್ ಆಫ್ಟರ್. ಲುಕ್ ಡೌನ್ ಅಪಾನ್. ಒತ್ತು ಬೀಳಬೇಕಾದಲ್ಲಿ ಒತ್ತು, ನಿಲ್ಲಬೇಕಾದಲ್ಲಿ ನಿಲುಗಡೆ. ಯಾವುದೋ ಕಾನ್ವೆಂಟಿನವಳಿರಬೇಕು. ಒಳ್ಳೆಯ ಮೇಷ್ಟ್ರು ಸಿಕ್ಕಿದ್ದಾರೆ.

ಗಂಡಸಿನದು ಕೇಳಬಾರದು. "ಗಿವ್ವು ಗಪ್ಪು... ಲುಕ್ಕು ಬಕೀಟು... ತಟ್ಟೆ ಅಪಾನು ಗಿವ್ವು..." ಮೇಷ್ಟ್ರಿಗೆ ನಗು ತಡೆಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಗ್ಲಿಷ್ ಹಾಳಾಗಲಿ, ಮನುಷ್ಯರ ಭಾಷೆಯಾದರೂ ಹೌದೇ ಇದು? ಅದರ ಮೇಲೆ ಆ ಗತ್ತು ನೋಡು, ಊರಿಗೇ ಪಾಠ ಹೇಳುವವನ ಗತ್ತು! ಇವನೆದುರು ಮುದ್ದಯ್ಯನ ಮಗಳೇ ಪಂಡಿತೆ.

ಹೆಂಗಸಿಗೆ ನಲವತ್ತಕ್ಕೆ ನಲವತ್ತು ಹಾಕಿದರು. ಗಂಡಸಿಗೆ ದೊಡ್ಡ ಸೊನ್ನೆ ಸುತ್ತಿ ಕೆಳಗೆ ಎರಡು ಗೆರೆ ಎಳೆದರು.

ಸುಕನ್ಯ ಹಾಳೆಯನ್ನು ನೋಡಿದಳು. ಫೋನು ನಿಲ್ಲಿಸಲಿಲ್ಲ. ಫೋನಿನೊಳಗೆ ಕುಕ್ಕರು ಕೂಗಿತು. ಆಮೇಲೆ ಸುನಂದಮ್ಮನ ದನಿ:

"ಕಾಪಿ ಕುಡಿ ಬಾ ಸುಕನ್ಯ. ಲಕ್ವ ಹೊಡ್ದು ನಾಕು ತಿಂಗ್ಳಾಯ್ತಲ್ಲವ್ವ, ನಮ್ಮನೆಯೋರ್ಗೆ ಇನ್ನು ಮಾತು ಬತ್ತದ?"

"ಬತ್ತದೆ ಬುಡಿ ಅಮ್ಮಾ," ಎಂದಿತು ಆ ಕಾನ್ವೆಂಟಿನ ಹೆಂಗಸಿನ ದನಿ. "ಆಸ್ಪತ್ರೇಲಿ ಇಂಥೋರ್ಗೆ ಮಾತು ಕಲ್ಸದೇ ನನ್ನ ಕೆಲ್ಸ. ಮೂವತ್ತು ವರ್ಸ ಒಪ್ಪಿಸಿದ ಪಾಠ ನಾಲಗೆ ತುದೀಲಿ ಇರ್ತದೆ, ಅದ್ನೇ ಹಿಡ್ದು ಎಳೀತಿವ್ನಿ. ಮಾತು ಕೆಟ್ಟದೆ ಅನ್ನೋದೇ ಸಾರ್‌ಗೆ ತಿಳೀತಾ ಇಲ್ಲ. ಒಂದ್ಸಲ ಅವರ ಮಾತು ಅವರ ಕಿವಿಗೇ ಬೀಳ್ಬೇಕು."

ಮಾರನೆಯ ದಿನ ಬೆಳಿಗ್ಗೆ ಚೆಲುವರಾಜು ಮೇಷ್ಟ್ರು ಮೀಸೆ ಬೋಳಿಸಿಕೊಂಡರು.