ಮೆಟ್ಟಿಲ ಮೇಲೆ ಸಾನ್ ಜಿಮಿನ್ಯಾನೊ

ಬೆಳಿಗ್ಗೆ ಏಳಕ್ಕೆ ಮಹಡಿ ಇಳಿದು ಬಂದ ಸ್ಪಂದನಾಗೆ ಮೊದಲು ಕಂಡದ್ದು ಖಾಲಿ ಊಟದ ಮೇಜು. ಮಗಳು ಸಿಯಾ ಮೂರು ವಾರ ಕೂತು ಥರ್ಮಾಕೋಲು, ರಟ್ಟಿನಲ್ಲಿ ಕಟ್ಟಿದ್ದ ಇಟಲಿಯ ಬೆಟ್ಟದೂರು ಅಲ್ಲಿರಲಿಲ್ಲ. ಇವತ್ತು ಒಂಬತ್ತಕ್ಕೆ ಅದನ್ನು ಕ್ಲಾಸಿನಲ್ಲಿಟ್ಟುಕೊಂಡು ಅವಳು ಮಾತಾಡಬೇಕಿತ್ತು. ತಾರದವರಿಗೆ ಸೊನ್ನೆ ಎಂದು ಟೀಚರು ಎರಡು ಸಲ ಮೇಲ್ ಕಳಿಸಿದ್ದರು.

ಊರು ಸಿಕ್ಕಿದ್ದು ಲಿವಿಂಗ್ ರೂಮಿನಲ್ಲಿ. ಮೈಸೂರಿನಿಂದ ಅಮೆರಿಕದ ರಾಚೆಸ್ಟರ್ ಹಿಲ್ಸ್‌ಗೆ ಬಂದು ತಿಂಗಳಾಗಿದ್ದ ತಾಯಿ ಲಲಿತಮ್ಮ, ಎಲ್ಲರೂ ಏಳುವ ಮುಂಚೆ ಸ್ನಾನ ಮುಗಿಸಿ, ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ, ಬಿಳಿ ಪಂಚೆ ಹಾಸಿ, ದಸರೆಯ ಗೊಂಬೆ ಕೂರಿಸಿಬಿಟ್ಟಿದ್ದರು. ಮೇಲೆ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಮದುವೆಯಲ್ಲಿ ಕೊಟ್ಟಿದ್ದ ಅವನ್ನು ಸ್ಪಂದನಾ ತವರಿನ ಬೀರುವಿನಲ್ಲೇ ಬಿಟ್ಟು ಬಂದು ಹದಿಮೂರು ವರ್ಷವಾಗಿತ್ತು. ಈ ಸಲ ಲಲಿತಮ್ಮ ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಕೆಳಗಿನ ಮೆಟ್ಟಿಲಲ್ಲಿ ಸಿಯಾಳ ಊರು, ಅದರ ಅತಿ ಎತ್ತರದ ಗೋಪುರಕ್ಕೆ ಕುಂಕುಮ. ಆರತಿಯೂ ಆಗಿತ್ತು.

"ಅಮ್ಮಾ, ಅದು ಸ್ಕೂಲ್ ಪ್ರಾಜೆಕ್ಟು. ಒಂದ್ಮಾತು ಕೇಳಬಾರದಾ? ಎತ್ತಮ್ಮ ಅದನ್ನ."

ಗೊಂಬೆ ಕಮ್ಮಿಯಾಗಿ ಬೋಳುಬೋಳು ಕಾಣುತ್ತಿತ್ತು, ಮಗು ದಸರೆಗೇ ಬೆಟ್ಟ ಮಾಡಿದೆ ಅಂದುಕೊಂಡೆ ಎಂದರು ಲಲಿತಮ್ಮ. ಆದರೆ ಕೂರಿಸಿ ಆರತಿ ಎತ್ತಿದ್ದನ್ನು ಇನ್ನು ಕದಲಿಸುವ ಹಾಗಿಲ್ಲ. ವಿಜಯದಶಮಿಯ ರಾತ್ರಿ ರಾಜ ರಾಣಿಯನ್ನು ಮಲಗಿಸಬೇಕು, ಆಮೇಲೆಯೇ ಮಿಕ್ಕಿದ್ದನ್ನು ಎತ್ತುವುದು. ನಲವತ್ತನಾಲ್ಕು ವರ್ಷದಲ್ಲಿ ಒಂದು ದಸರೆಯಲ್ಲೂ ಅವರು ಇದನ್ನು ತಪ್ಪಿಸಿರಲಿಲ್ಲ.

ಸ್ಪಂದನಾಗೆ ತಲೆ ಚಿಟ್ಟು ಹಿಡಿಯಿತು. ಎಂಟೂವರೆಗೆ ಆಫೀಸಿನ ಮೀಟಿಂಗು, ದಾರಿಯಲ್ಲಿ ರಸ್ತೆ ಅಗೆದು ಒಂದೇ ಲೇನು, ಇಲ್ಲಿ ನೋಡಿದರೆ ಥರ್ಮಾಕೋಲಿಗೂ ಮಡಿ! ಅಷ್ಟರಲ್ಲಿ ಕೆಳಗೆ ಬಂದ ಸಿಯಾ, "ಇಟ್ಸ್ ಡ್ಯೂ ಟುಡೇ, ಅಜ್ಜಿ" ಎಂದು ಅಳುವುದಕ್ಕೇ ಶುರು ಮಾಡಿದಳು.

ಯಾವೂರು ಪುಟ್ಟಿ ಇದು ಎಂದು ಲಲಿತಮ್ಮ ಕೇಳಿದರು. ಬೇಗ ಮುಗಿಯಲಿ ಎಂದು ಸ್ಪಂದನಾ ತಾನೇ ಗಡಗಡ ಒಪ್ಪಿಸಿದಳು. ಊರ ಹೆಸರು ಸಾನ್ ಜಿಮಿನ್ಯಾನೊ. ಅಲ್ಲಿ ಒಬ್ಬೊಬ್ಬ ಸಾಹುಕಾರನೂ ಪಕ್ಕದ ಮನೆಯವನಿಗಿಂತ ಎತ್ತರ ಎಂದು ಕಲ್ಲಿನ ಗೋಪುರ ಕಟ್ಟಿದ. ಊರ ಚಾವಡಿಯ ಗೋಪುರವನ್ನು ಯಾರೂ ಮೀರಬಾರದು ಎಂದು ಕಾನೂನೇ ಮಾಡಬೇಕಾಯಿತು. ಎಪ್ಪತ್ತೆರಡು ಇದ್ದವಂತೆ, ಈಗ ಹದಿನಾಲ್ಕು.

"ಮಿಕ್ಕಿದ್ದು?"

"ಬಿದ್ದೋದ್ವು, ಕೆಡವಿದ್ರು. ಉಪಯೋಗ ಇಲ್ದಿದ್ಮೇಲೆ ಯಾರಮ್ಮ ಇಟ್ಕೊಂಡು ಕೂತ್ಕೋತಾರೆ?"

ಲಲಿತಮ್ಮ ಮೇಲಿನ ಮೆಟ್ಟಿಲ ರಾಜ ರಾಣಿಯ ಕಡೆ ತಿರುಗಿ ನೋಡಿದರು. ಆಮೇಲೆ, "ನೀನು ಕಾರು ತೆಗಿ, ನಾನು ತರ್ತೀನಿ" ಎಂದರು.

ಐದು ನಿಮಿಷಕ್ಕೆ ಊರನ್ನು ಎರಡು ಕೈಯಲ್ಲೂ ಹಿಡಿದು ಬಂದು ಸಿಯಾಳ ತೊಡೆಯ ಮೇಲಿಟ್ಟರು. ದಾರಿಯುದ್ದಕ್ಕೂ ಸ್ಪಂದನಾ ಗೊಣಗಿದಳು. ಎತ್ತುವುದೇ ಆಗಿದ್ದರೆ ಮೊದಲೇ ಎತ್ತಬಹುದಿತ್ತು, ಇಷ್ಟೆಲ್ಲ ರಾಮಾಯಣ ಯಾಕೆ ಬೇಕಿತ್ತು?

ಸಂಜೆ ಸಿಯಾ ಕುಣಿಯುತ್ತ ಬಂದಳು. ಕ್ಲಾಸಿಗೇ ಅವಳದು ಮೊದಲಂತೆ. ಊರನ್ನು ಮತ್ತೆ ಅಜ್ಜಿಯ ಮೆಟ್ಟಿಲಿಗೆ ಇಡಲು ಓಡಿದವಳು ಅಲ್ಲಿಂದಲೇ ಕೂಗಿದಳು, "ಮಮ್ಮಿ, ದೇ ಆರ್ ಸ್ಲೀಪಿಂಗ್!"

ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ ಮಲಗಿದ್ದರು, ಮೇಲೊಂದು ಕರವಸ್ತ್ರ ಹೊದಿಸಿತ್ತು. ಮಿಕ್ಕ ಗೊಂಬೆಗಳು ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿಸಿಕೊಂಡು ಸೂಟ್‌ಕೇಸು ಸೇರಿದ್ದವು. ಲಲಿತಮ್ಮ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು.

"ಅಮ್ಮ, ಇವತ್ತು ಇನ್ನೂ ಮೊದಲ್ನೇ ದಿನ ಅಲ್ವಾ?" ಸ್ಪಂದನಾಳ ದನಿ ಇಳಿದಿತ್ತು.

"ಎತ್ತು ಅಂದ್ಯಲ್ಲಮ್ಮ," ಎಂದರು ಲಲಿತಮ್ಮ, ತಲೆ ಎತ್ತದೆ. "ಮಲಗಿಸದೆ ಹೇಗೆ ಎತ್ಲಿ?"