ಹಿಂದಿನ ಎಡಬಾಗಿಲು

"ಆ ಬಟ್ಟೆ ತೆಗೀಬೇಡಿ!"

ಹೆಂಗಸು ಕೂಗಿದ ರಭಸಕ್ಕೆ ಪಾಲಿಶ್ ಮೇಸ್ತ್ರಿಯ ಕೈ ಅರ್ಧದಲ್ಲೇ ನಿಂತಿತು.

ಕಪ್ಪು ಬಣ್ಣದ ಹೊಚ್ಚಹೊಸ ಕಾರು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ಕಿತ್ತಿಲ್ಲ. ಹಿಂದಿನ ಎಡಬಾಗಿಲಿಗೆ ಮಾತ್ರ ಮೆತ್ತನೆಯ ಬಟ್ಟೆ ಹೊದಿಸಿ ನಾಲ್ಕೂ ಕಡೆ ಟೇಪು ಅಂಟಿಸಿದೆ. ಮೂವತ್ತು ವರ್ಷದಿಂದ ಕಾರುಗಳ ಮೈ ತಿಕ್ಕುತ್ತಿದ್ದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಗೀರೇನಾದ್ರೂ ಬಿದ್ದಿದೆಯಾ?" ಎಂದ.

ಅವಳ ಕೈ ತಾನಾಗಿ ಬಾಗಿಲಿಗೆ ಅಡ್ಡ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮುಂದಿನ ಸೀಟಿನಲ್ಲಿದ್ದ ಅಜ್ಜಿ ಕಿಟಕಿಯಿಂದ ಇಣುಕಿದಳು. "ನರ್ಸಮ್ಮಾ, ಮನೆಗೆ ಯಾವಾಗ ಹೋಗೋದು?"

"ಹೋಗೋಣ. ಐದೇ ನಿಮಿಷ."

ಅಜ್ಜಿಯ ಕೈಯಲ್ಲಿದ್ದ ಹೇರ್‌ಪಿನ್ ಜಾರಿ ನೆಲಕ್ಕೆ ಬಿತ್ತು. ಹೆಂಗಸು ಅದನ್ನು ಎತ್ತಿ, ಒರೆಸಿ, ಮತ್ತೆ ಆ ಕೈಗೇ ಕೊಟ್ಟಳು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ನಿಂತಲ್ಲೇ ನಿದ್ದೆ ಹೋಗುವ ಹಾಗಿದ್ದಳು.

ಮೇಸ್ತ್ರಿಗೆ ಎಲ್ಲ ಅರ್ಥವಾಯಿತು. ಕಾರು ಅಜ್ಜಿಯ ಮನೆಯವರದು. ಗೀರಿದವಳು ಈ ನರ್ಸು. ಯಾರ ಕಣ್ಣಿಗಾದರೂ ಬೀಳುವ ಮೊದಲು ಮುಚ್ಚಿಹಾಕಬೇಕು, ಇಲ್ಲದಿದ್ದರೆ ಕೆಲಸಕ್ಕೆ ಕುತ್ತು.

"ಈ ಕಾರು ಮಾರೋದಿಲ್ಲ," ಎಂದಳು ಹೆಂಗಸು. "ಎಷ್ಟು ವರ್ಷ ಓಡತ್ತೋ ಅಷ್ಟು ವರ್ಷ ಇರತ್ತೆ. ಮೇಲೆ ಏನು ಹಚ್ಚಿದ್ರೆ ಜಾಸ್ತಿ ದಿನ ಬಾಳತ್ತೆ?"

ದಿನಕ್ಕೆ ಹತ್ತು ಸಲ ಹೇಳುವ ಪಾಠವನ್ನು ಅವನು ಮತ್ತೊಮ್ಮೆ ಒಪ್ಪಿಸಿದ. ಮೇಣ ಹಚ್ಚಿದರೆ ಮೂರು ತಿಂಗಳು. ಸೆರಾಮಿಕ್ ಲೇಪ ಮೂರು ನಾಲ್ಕು ವರ್ಷ. ಹೊಳೆಯುತ್ತದೆ, ಆದರೆ ಕಲ್ಲು ಸಿಡಿದರೆ ತಡೆಯದು. ಪಾರದರ್ಶಕ ಫಿಲ್ಮ್ ಆದರೆ ಹತ್ತು ವರ್ಷ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ. ಎಲ್ಲರೂ ಮೊದಲು ಹೀಗೇ ಕೇಳುತ್ತಾರೆ, ಮರುವರ್ಷ ತೊಳೆಯುವುದನ್ನೂ ಬಿಡುತ್ತಾರೆ.

"ಹತ್ತು ವರ್ಷ ಆದ್ಮೇಲೆ ಫಿಲ್ಮ್ ಕಿತ್ತರೆ, ಕೆಳಗಿರೋದು ಹಾಳಾಗತ್ತಾ?"

"ಇಲ್ಲ ಮೇಡಂ, ಹೇಗಿತ್ತೋ ಹಾಗೇ ಇರತ್ತೆ. ಮತ್ತೆ ಹೊಸದು ಹಚ್ಚಬಹುದು."

ಅವಳು ದೊಡ್ಡ ಉಸಿರು ಬಿಟ್ಟಳು. "ಹಾಗಾದ್ರೆ ಅದೇ ಇರಲಿ. ಈ ಬಾಗಿಲಿಗೆ ಮಾತ್ರ. ಪಾಲಿಶ್ ಗೀಲಿಶ್ ಏನೂ ಬೇಡ, ನೇರ ಫಿಲ್ಮ್ ಹಾಕಿಬಿಡಿ. ಯಾಕಂದ್ರೆ ಅಲ್ಲಿ..."

ಅಷ್ಟರಲ್ಲಿ ಅಜ್ಜಿ ಇಳಿದು ರಸ್ತೆಯತ್ತ ಹೊರಟಾಗಿತ್ತು. ಹೆಂಗಸು ಮಾತು ಬಿಟ್ಟು ಓಡಿದಳು.

"ಗೊತ್ತಾಯ್ತು ಬಿಡಿ ಮೇಡಂ!" ಎಂದು ಮೇಸ್ತ್ರಿ ಕೂಗಿದ. "ಸಂಜೆ ಬನ್ನಿ."

ಅವರು ಹೋದ ಮೇಲೆ ಬಟ್ಟೆ ತೆಗೆದು ದೀಪ ಹಿಡಿದ. ಅಡ್ಡಾದಿಡ್ಡಿ ಗೀರುಗಳು, ಒಂದರ ಮೇಲೊಂದು. ಉಗುರಿನಿಂದ ಸವರಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಅಂದರೆ ಗೀರು ಮೇಲ್ಪದರದಲ್ಲೇ ಇದೆ, ತಿಕ್ಕಿದರೆ ಹೋಗುತ್ತದೆ. ಈ ಕಸುಬಿನವರು ಗೀರಿನ ಆಳ ನೋಡುತ್ತಾರೆ, ಆಕಾರ ನೋಡುವುದಿಲ್ಲ.

ಗೀರಿನ ಮೇಲೆ ಫಿಲ್ಮ್ ಹಾಕುವುದೆಂದರೆ ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ. ಅಂಥ ಕೆಲಸ ಅವನ ಕೈಯಿಂದ ಎಂದೂ ಆಗಿರಲಿಲ್ಲ. ಪಾಪ, ಖರ್ಚಿಗೆ ಹೆದರಿ ಪಾಲಿಶ್ ಬೇಡ ಅಂದಿದ್ದಾಳೆ. ಹಿಂದೊಮ್ಮೆ ಇಂಥದೇ ಒಂದು ಗೀರಿಗೆ ಅವನೂ ಕೆಲಸ ಕಳೆದುಕೊಂಡಿದ್ದ. ನೋಯುವ ಭುಜದಲ್ಲೇ ಎರಡು ಗಂಟೆ ತಿಕ್ಕಿದ. ಊಟದ ಡಬ್ಬಿ ತೆರೆಯಲೇ ಇಲ್ಲ. ಬಾಗಿಲು ಕನ್ನಡಿಯ ಹಾಗಾದ ಮೇಲೆ ಫಿಲ್ಮ್ ಹಚ್ಚಿ, ಒಂದು ಗುಳ್ಳೆಯೂ ಉಳಿಯದಂತೆ ಒತ್ತಿ, ಬಹಳ ದಿನಗಳ ನಂತರ ತನ್ನಷ್ಟಕ್ಕೆ ನಕ್ಕ.

ಸಂಜೆ ಇಬ್ಬರೂ ಬಂದರು. ಹೆಂಗಸು ನೇರವಾಗಿ ಬಾಗಿಲ ಮುಂದೆ ಮಂಡಿಯೂರಿದಳು.

"ಪಾಲಿಶ್‌ಗೆ ಏನೂ ಕೊಡ್ಬೇಡಿ," ಎಂದು ಮೇಸ್ತ್ರಿ ದನಿ ತಗ್ಗಿಸಿದ. "ಒಂದು ಗೀರೂ ಉಳಿದಿಲ್ಲ. ಮನೆಯವರಿಗೆ ಗೊತ್ತೇ ಆಗಲ್ಲ, ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ."

ಅವಳು ಬಾಗಿಲನ್ನು ಬೆರಳಿಂದ ಸವರಿದಳು. ಮತ್ತೊಮ್ಮೆ ಸವರಿದಳು. ರೇಗುವುದಕ್ಕೂ ಅವಳಲ್ಲಿ ತ್ರಾಣ ಉಳಿದಿರಲಿಲ್ಲ.

"ನರ್ಸಮ್ಮಾ," ಎಂದಳು ಅಜ್ಜಿ, ಪಿನ್ನು ತಿರುಗಿಸುತ್ತ. "ಇದು ಯಾರ ಕಾರು?"

"ನಮ್ದೇ, ಅಮ್ಮ," ಎಂದು ಹೆಂಗಸು ಮೇಸ್ತ್ರಿಯತ್ತ ತಿರುಗಿದಳು. "ಎರಡು ವರ್ಷದಿಂದ ಅಮ್ಮನ ಕಣ್ಣಿಗೆ ನಾನು ನರ್ಸು. ಹೋದ ವಾರ ಒಂದೇ ಒಂದು ಸಲ ಮಗಳ ಗುರುತು ಹತ್ತಿ, ಆ ಪಿನ್ನಲ್ಲಿ ಇಲ್ಲಿ ನನ್ನ ಹೆಸರು ಬರೆದಿದ್ಲು."